ಮೋಜಣಿ ನಾಮದೇವ ಅಳೆದ ಕಾಡು

ನಮ್ಮ ಕರೋಶಿಯ ನಾಮದೇವ ಮೂವತ್ತು ವರ್ಷ ಹೊಲದ ಮೋಜಣಿಯಲ್ಲಿ ಟೇಪು ಹಿಡಿದವನು. ಅಣ್ಣತಮ್ಮಂದಿರು ಹೊಲ ಪಾಲು ಮಾಡಿಕೊಳ್ಳುವಾಗ ಟೇಪಿನ ಒಂದು ತುದಿಗೆ ಸರ್ವೇಯರ್ ಸಾಹೇಬರು, ಇನ್ನೊಂದು ತುದಿಗೆ ಇವನು. ಗೇಣು ಜಾಗ ಕಳೆದುಕೊಂಡವನ ಬೈಗುಳ ಮಾತ್ರ ತಪ್ಪದೆ ಇವನ ತುದಿಗೇ ಬರುತ್ತಿತ್ತು. ಸಾಹೇಬರನ್ನು ಬೈಯುವ ಧೈರ್ಯ ನಮ್ಮೂರಲ್ಲಿ ಯಾರಿಗಿದೆ ಹೇಳಿ!

೨೦೧೨ರ ಚಳಿಗಾಲದಲ್ಲಿ, ಚಿಕ್ಕೋಡಿಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಉಜ್ವಲಾ ಮೇಡಂ ಅವನನ್ನು ನಿಪ್ಪಾಣಿಯಾಚೆಯ ಘಟ್ಟದ ಕಾಡಿಗೆ ಕರೆದೊಯ್ದರು. ಮರಾಠಿ ಮಂದಿ ಶೇಕರು ಅನ್ನುವ ದೊಡ್ಡ ಕೆಂಪು ಅಳಿಲು ಹೇಗೆ ಬದುಕುತ್ತದೆಂದು ತಿಳಿಯಲು ಅವರಿಗೆ ಅಲ್ಲಿನ ಒಂದೊಂದು ಮರದ ನಕಾಶೆ ಬೇಕಿತ್ತು. ಯಾವ ಮರ ಎಲ್ಲಿದೆ, ಎಷ್ಟು ಎತ್ತರ, ಯಾವ ಕೊಂಬೆ ಯಾವುದಕ್ಕೆ ತಾಗಿದೆ, ಎಲ್ಲವೂ. ಶೇಕರು ನೆಲಕ್ಕೆ ಇಳಿಯುವುದು ಅಪರೂಪ. ಕೊಂಬೆ, ಬಳ್ಳಿಗಳೇ ಅದರ ರಸ್ತೆ.

ನಾಮದೇವನಿಗೆ ಅದು ಕನಸಿನೊಳಗೆ ನಡೆದಾಡಿದಂತೆ. ಮಂಜು ಕರಗುವ ಮೊದಲೇ ಟೇಪು ಬಿಚ್ಚುತ್ತಿದ್ದ. ಎಲೆಗಳ ಸಂದಿಯಿಂದ ಸೋಸಿ ಬಂದ ಹಸಿರು ಬೆಳಕು ಅವನ ಕೈಮೇಲೆ ಅಲುಗುತ್ತಿತ್ತು. ಎಷ್ಟು ಅಳೆದರೂ ಜಗಳವಿಲ್ಲ, ತಕರಾರಿಲ್ಲ. ಖುಷಿಗೆ ಒಬ್ಬನೇ ನಗುತ್ತಿದ್ದ.

ಆ ಗುಂಗಿನಲ್ಲೇ ತಪ್ಪು ಮಾಡಿದ. ನೇರಳೆ ಮರದಿಂದ ಅತ್ತಿ ಮರಕ್ಕೆ ಹಬ್ಬಿದ್ದ ದಪ್ಪ ಬಳ್ಳಿಯ ಬುಡ ಟೇಪಿಗೆ ಅಡ್ಡ ಬಂತು. ಕಬ್ಬಿನ ಬದುವಿನಲ್ಲಿ ಅಡ್ಡ ಬಂದದ್ದನ್ನು ಕಡಿದೇ ಅಳೆಯುವುದು ಮೋಜಣಿಯವರ ರೂಢಿ. ಹಿಂದೆಮುಂದೆ ನೋಡದೆ ಸೊಂಟದ ಕೊಯ್ತಾ ಕತ್ತಿ ಬೀಸಿದ. ಮೇಲಿನ ಬಳ್ಳಿಯೆಲ್ಲ ಸರಸರನೆ ಜಾರಿ ಬಿತ್ತು.

ಮಧ್ಯಾಹ್ನ ಶೇಕರು ನೇರಳೆಯ ಗೂಡಿನಿಂದ ಹೊರಬಂತು. ಗೂಡಿನಲ್ಲಿ ಮರಿ, ಹಣ್ಣಿದ್ದದ್ದು ಅತ್ತಿಯಲ್ಲಿ. ಕೊಂಬೆಯ ತುದಿಗೆ ಬಂದು ಖಾಲಿ ಗಾಳಿಯತ್ತ ಮುಂಗಾಲು ಚಾಚಿ, ಹಿಂದಕ್ಕೆ ಸರಿಯಿತು. ನಾಮದೇವ ಟೇಪು ಸುತ್ತಿಟ್ಟ.

"ಮೇಡಂ, ಅದರ ದಾರಿ ನಾನ ಕಡದೇನ್ರಿ," ಎಂದ.

ಉಜ್ವಲಾ ಬಿದ್ದ ಬಳ್ಳಿಯನ್ನೂ ಮೇಲಿನ ಕೊಂಬೆಯನ್ನೂ ನೋಡಿದರು. "ಆಗಿದ್ದು ಆತು ಕಾಕಾ. ಏನ ಮಾಡತೈತಿ ನೋಡೂಣು."

ಮರುದಿನ ಹಸಿದ ಶೇಕರು ನೆಲಕ್ಕಿಳಿಯಿತು. ನಾಯಿ, ಚಿರತೆ ಯಾವುದೂ ಹತ್ತಿರ ಸುಳಿಯಬಾರದೆಂದು ನಾಮದೇವ ಎರಡು ಮರಗಳ ನಡುವೆ ಕಾವಲು ಕುಳಿತ. ಒಂದು ವಾರ ರೊಟ್ಟಿ ತಿಂದದ್ದೂ ಅಲ್ಲೇ. ಪುಣ್ಯಾತ್ಮ, ತನ್ನ ಹೊಲವನ್ನೂ ಹೀಗೆ ಕಾಯ್ದವನಲ್ಲ.

ಎಂಟನೆಯ ದಿನ ಉಜ್ವಲಾ ನಕಾಶೆ ಬಿಚ್ಚಿದರು. ಮರಗಳ ನಡುವೆ ಐದೇ ಮಾರು ದೂರ. ಶೇಕರು ನಡೆದ ಗೆರೆ ಮಾತ್ರ ದೂರದ ಪೊದೆಗಳವರೆಗೆ ಸುತ್ತಿ ಬಳಸಿ ಹೋಗಿತ್ತು. ನಡುವೆ ಒಂದು ಕಪ್ಪು ಚುಕ್ಕೆ.

"ಇದೇನ್ರಿ, ಗಡಿಯ ಬಾಂದಗಲ್ಲೇನ್ರಿ?"

"ಅಲ್ಲ ಕಾಕಾ, ಅದು ನೀವು," ಎಂದರು ಮೆಲ್ಲಗೆ. "ನಿಮಗ ಅಂಜಿ ಸುತ್ತ ಹಾಕಿ ಹೋಗಾಕತ್ತೈತಿ."

ನಾಮದೇವ ಚುಕ್ಕೆಯನ್ನು ಬೆರಳಿನಿಂದ ಮುಟ್ಟಿ ನೋಡಿದ. ಹೋಗು ಎಂದು ಯಾರೂ ಹೇಳಿರಲಿಲ್ಲ. ಚೀಲ ಹೆಗಲಿಗೇರಿಸಿ, ನಿಪ್ಪಾಣಿ ಬಸ್ಸು ಹಿಡಿಯಲು ಇಳಿಯತೊಡಗಿದ. ಆ ಕಾಡನ್ನು ಇನ್ನೊಮ್ಮೆ ಕಣ್ತುಂಬ ನೋಡುವ ಆಸೆ ಅವನಿಗೆ ಬೆಟ್ಟದಷ್ಟಿತ್ತು. ಆದರೂ ತಿರುಗಲಿಲ್ಲ. ತಿರುಗಿದರೆ ಶೇಕರು ಮತ್ತೆ ಅಂಜಿ ದಾರಿಯಲ್ಲೇ ನಿಂತುಬಿಟ್ಟೀತೆಂದು ಭಯ.