ರೆಲಿಕ್ಟ್ ಎಂದು ಕೆತ್ತಿದ ಕಲ್ಲು

ಯಾರ್ಕ್‌ಶೈರಿನ ಒಂದು ಹಳ್ಳಿಯಲ್ಲಿ ಏಮಸ್ ಥ್ಯಾಕ್ರೆ ನಲವತ್ತೊಂದು ವರ್ಷ ಗೋರಿಕಲ್ಲು ಕೆತ್ತಿದವನು. ಕಲ್ಲಿನ ಮೇಲೆ ಸುಳ್ಳು ಕೆತ್ತಬಾರದು ಎಂಬುದು ಅವನ ಹಟ. ಕುಡುಕ ಅಪ್ಪನಿಗೆ ‘ಸಜ್ಜನ’ ಎಂದು ಕೆತ್ತಿಸಲು ಬಂದ ಮಕ್ಕಳನ್ನು ಬೈದು ಅಟ್ಟಿದ್ದ, ಪುಣ್ಯಾತ್ಮ. ಬೇರೆಯವರು ವಿಧವೆಗೆ ಬರೀ ‘ಹೆಂಡತಿ’ ಎಂದು ಕೆತ್ತಿದರೆ, ಇವನದು ಅಪ್ಪ ಕಲಿಸಿದ ಗತ್ತಿನ ಹಳೇ ಪದ: ರೆಲಿಕ್ಟ್. ಗಂಡ ತೀರಿಕೊಂಡ ಮೇಲೆ ಉಳಿದವಳು ಎಂದರ್ಥ. ಚರ್ಚಿನ ಪುಸ್ತಕದಲ್ಲಿ ಮದುವೆ ದಾಖಲಾದವಳಿಗಷ್ಟೇ ಸಲ್ಲುವ ಪದ. ಆಮೇಲೆ ಕೆತ್ತಿದರೆ ಅಕ್ಷರ ಹೊಂದುವುದಿಲ್ಲವೆಂದು ಗಂಡನ ಕಲ್ಲಿನಲ್ಲೇ ಹೆಂಡತಿಯ ಸಾಲನ್ನೂ ಕೆತ್ತಿ, ಅವಳು ಸಾಯುವ ತಾರೀಖಿಗೆ ಮಾತ್ರ ಜಾಗ ಬಿಡುವುದು ಅವನ ರೂಢಿ.

ಗೆಳೆಯ ಜೇಬಸ್ ಮೂರ್‌ಹೌಸ್ ಸತ್ತಾಗಲೂ ಯಾರನ್ನೂ ಕೇಳದೆ ಹಾಗೇ ಕೆತ್ತಿದ. ಮರುದಿನ ಕಲ್ಲು ನಿಲ್ಲಿಸಬೇಕು ಎನ್ನುವಾಗ ಜೇಬಸ್‌ನ ಮನೆಯಾಕೆ ಹೆಸ್ಟರ್ ನೋಡಲು ಬಂದಳು. ತನ್ನ ಹೆಸರು ಕಂಡು ಬೆಚ್ಚಿಬಿದ್ದಳು.

“ಏಮಸ್, ನಾನಿನ್ನೂ ಬದುಕಿದ್ದೀನಲ್ರೀ!”

“ಎಲ್ಲರಿಗೂ ಹಿಂಗೇ ಮಾಡೋದು. ಅವಸರ ಮಾಡ್ಬೇಡಿ, ಕಲ್ಲು ಕಾಯುತ್ತೆ.”

ಅವಳು ನಗಲಿಲ್ಲ. “ಹೆಸರಿನ ಮುಂದೆ ಅದೇನು ಪದ?”

ಏಮಸ್ ಹೆಮ್ಮೆಯಿಂದ ಅರ್ಥ ಬಿಡಿಸಿ ಹೇಳಿದ. ಹೆಸ್ಟರ್ ಕಲ್ಲಿನ ಪಕ್ಕ, ಪುಡಿಯಲ್ಲೇ ಕೂತಳು.

“ಅಳಿಸ್ಬಿಡಿ. ನಮಗೆ ಮದ್ವೇನೇ ಆಗಿಲ್ಲ. ಅವರ ಹೆಂಡ್ತಿ ಲೀಡ್ಸ್‌ನಲ್ಲಿ ಬದುಕಿದಾಳೆ.”

ಮೂವತ್ತು ಕ್ರಿಸ್‌ಮಸ್‌ಗೆ ಅವರ ಮನೆಯಲ್ಲಿ ಉಂಡವನು ಏಮಸ್! ಊರಿಗೆಲ್ಲ ಅವಳು ಮಿಸೆಸ್ ಮೂರ್‌ಹೌಸ್. ಈಗ ನೋಡಿದರೆ ತನ್ನ ಉಳಿಯೇ ಸುಳ್ಳು ಕೆತ್ತಿ ಕೂತಿದೆ.

“ಆ ಮುದುಕ ನನ್ನ ಹತ್ರಾನೂ ಬಾಯಿ ಬಿಡ್ಲಿಲ್ವಲ್ಲ!”

“ಬಿಟ್ಟಿದ್ರೆ ನೀವು ಊಟಕ್ಕೆ ಬರ್ತಿದ್ರಾ?”

ಬರುತ್ತಿರಲಿಲ್ಲ ಎಂಬುದು ಏಮಸ್‌ಗೇ ಗೊತ್ತಿತ್ತು, ಅದರಿಂದ ಇನ್ನಷ್ಟು ನಾಚಿಕೆಯಾಯಿತು. ಉಳಿ, ಸುತ್ತಿಗೆ ಎತ್ತಿಕೊಂಡ. ಅಷ್ಟರಲ್ಲಿ ಹೆಸ್ಟರ್ ಆ ಪದದ ಮೇಲೆ ಅಂಗೈ ಇಟ್ಟಿದ್ದಳು.

“ಕೈ ತೆಗೀರಿ.”

“ಹ್ಞೂಂ, ಅಳಿಸಿ. ಅಳಿಸಿ ಅಂದ್ನಲ್ಲ,” ಅಂದಳು. ಕೈ ಮಾತ್ರ ತೆಗೆಯಲಿಲ್ಲ. ಬೆರಳುಗಳು ಒಂದೊಂದೇ ಅಕ್ಷರವನ್ನು ಸವರುತ್ತಿದ್ದವು.

ಏಮಸ್ ಆ ಬೆರಳುಗಳನ್ನೇ ನೋಡಿದ. ಆಮೇಲೆ ಉಳಿಯನ್ನು ಚೀಲಕ್ಕೆ ಹಾಕಿದ.

“ನಾಳೆ ಬೆಳಿಗ್ಗೆ ಹತ್ತಕ್ಕೆ ಕಲ್ಲು ನಿಲ್ಲಿಸೋದು,” ಎಂದ. “ಬನ್ನಿ, ಮಿಸೆಸ್ ಮೂರ್‌ಹೌಸ್.”