ಮಂಜಣ್ಣ ಬಿಡುತ್ತಿದ್ದ ಮೊದಲ ಫೋಟೋ

ಫೋಟೋದಲ್ಲಿ ನೆರಳು ಬಂತು, ಯಾರದೋ ಮುಖ ಬಂತು ಎಂದು ಯಾರಾದರೂ ಹೇಳಿದರೆ, ಲೆನ್ಸ್ ಒರೆಸಿಕೊಳ್ಳಿ, ದೆವ್ವ ತಾನಾಗಿ ಬಿಟ್ಟುಹೋಗುತ್ತದೆ ಎಂದು ತಮಾಷೆ ಮಾಡುತ್ತಿದ್ದವನು ನಾನು. ಈಗ ನನ್ನದೇ ಅಂಥದೊಂದು ಕಥೆ ಹೇಳಬೇಕಾಗಿದೆ. ನೀವು ನಗುವುದಾದರೆ ನಗಿ, ಬೇಸರವಿಲ್ಲ.

ನಾನು ಕೆಲಸ ಕಲಿತದ್ದು ಕುಂದಾಪುರದಲ್ಲಿ, ಮಂಜಣ್ಣನ ಸ್ಟುಡಿಯೋದಲ್ಲಿ. ಅವರು ಶಿರೂರಿನ ಮೀನುಗಾರರ ಮನೆಯವರು. ಅವರ ಅಪ್ಪ ಬಲೆಗೆ ಬಿದ್ದ ಮೊದಲ ಮೀನನ್ನು ಕಡಲಿಗೇ ಬಿಡುತ್ತಿದ್ದರಂತೆ. ಮಗ ಅದನ್ನೇ ಫೋಟೋಕ್ಕೆ ತಂದಿದ್ದರು. ಹೊಸ ರೋಲು ಹಾಕಿದಾಗಲೆಲ್ಲ ಎಡಗೈಯಿಂದ ಲೆನ್ಸ್ ಮುಚ್ಚಿ ಒಂದು ಕ್ಲಿಕ್ ಮಾಡಿ, ಆಮೇಲೆಯೇ ಕೆಲಸ ಶುರು. ಚಿಕ್ಕಂದಿನಲ್ಲಿ ದೋಣಿಯ ಹಲಗೆಗೆ ಸಿಕ್ಕಿ ಅವರ ಕಿರುಬೆರಳು ಸೊಟ್ಟಗಾಗಿತ್ತು, ಹಾಗಾಗಿ ಕೈ ಪೂರ್ತಿ ಮುಚ್ಚುತ್ತಿರಲಿಲ್ಲ. ಪ್ರಿಂಟ್ ಹಾಕಿದರೆ, ಬೆರಳ ಸಂದಿಯಿಂದ ನುಸುಳಿದ ಬೆಳಕು ಕತ್ತಲೆಯ ಒಂದು ಮೂಲೆಯಲ್ಲಿ ಕತ್ತಿಯ ಹಾಗೆ ಬಾಗಿದ ಕೆಂಪು ಗೀರಾಗಿ ಕಾಣುತ್ತಿತ್ತು. ಡಿಜಿಟಲ್ ಬಂದ ಮೇಲೂ ಅವರು ಬಿಡಲಿಲ್ಲ.

"ಕಾರ್ಡ್ ಆದ್ರೆಂತ, ರೋಲ್ ಆದ್ರೆಂತ? ಮೊದಲ್ದ್ ನಮ್ದಲ್ಲ ಮಾರಾಯ, ಬಿಡ್ಕ್," ಎನ್ನುತ್ತಿದ್ದರು.

ನನಗೆ ಅದು ಸರಿಬರಲಿಲ್ಲ. ಬೆಳಕು ಹುಡುಕುವವನು ನಾನು, ಬಿಸಿಲಿನಲ್ಲಿ ಕಾಯುವವನು ನಾನು, ಮೊದಲ ಪಾಲು ಇನ್ಯಾರಿಗೋ ಏಕೆ? ಮುಂಬೈಯ ಪ್ರಕಾಶಕರೊಬ್ಬರು ಪ್ರವಾಸದ ಪುಸ್ತಕಕ್ಕೆಂದು ನನ್ನನ್ನು ಬ್ಯಾಂಕಾಕ್‌ಗೂ ಕಾಂಬೋಡಿಯಾಕ್ಕೂ ಕಳಿಸಿದಾಗ, ಸ್ಟುಡಿಯೋಗೆ ಹೋಗಿ ಹೇಳಿಯೇ ಬಂದೆ: ಕಾಂಬೋಡಿಯಾದ ದೇವಸ್ಥಾನದಲ್ಲಿ ನಾನು ಒತ್ತುವ ಮೊದಲ ಕ್ಲಿಕ್ಕೇ ಪುಸ್ತಕದ ಮುಖಪುಟ, ನೋಡುತ್ತಿರಿ ಎಂದು. 

ಬ್ಯಾಂಕಾಕ್‌ನಲ್ಲಿ ಹೊಸ ಕಾರ್ಡ್ ಹಾಕಿ ತೆಗೆದ ಮೊದಲ ಫೋಟೋ, ಕಟ್ಟಡಗಳ ನಡುವೆ ಓಡುವ ರೈಲಿನದ್ದು, ಚೆನ್ನಾಗಿಯೇ ಬಂತು. ನಗುವ ಮುಖದ ಇಮೋಜಿಯೊಂದನ್ನು ಸೇರಿಸಿ ಮಂಜಣ್ಣನಿಗೆ ಕಳಿಸಿದೆ.

ಕಾಂಬೋಡಿಯಾದಲ್ಲಿ ಕಾಡಿನ ನಡುವೆ ಹಳೆಯ ದೇವಸ್ಥಾನ. ಬೆಳಿಗ್ಗೆ ಒಂಬತ್ತರ ಬಿಸಿಲು. ಮತ್ತೊಂದು ಹೊಸ ಕಾರ್ಡ್. ಕಲ್ಲಿನ ಬಾಗಿಲಲ್ಲಿ ವಯಸ್ಸಾದ ಸನ್ಯಾಸಿನಿಯೊಬ್ಬರು ಊದುಬತ್ತಿ ಹಿಡಿದು ನಿಂತಿದ್ದರು. ಕ್ಯಾಮೆರಾ ತೋರಿಸಿ ಕೇಳಿದೆ, ಆಗಲೆಂದು ತಲೆಯಾಡಿಸಿದರು. ಬಿಸಿಲಿನ ಪಟ್ಟಿಯೊಂದು ಸರಿದು ಬಂದು ಅವರ ಮುಖದ ಮೇಲೆ ಬಿತ್ತು. ಒತ್ತಿದೆ. ಎರಡನೆಯದು ಒತ್ತುವಷ್ಟರಲ್ಲಿ ಅವರು ಒಳಗೆ ತಿರುಗಿದ್ದರು. ನೋಡಿದರೆ ಬೆನ್ನಿನ ಫೋಟೋ ಸ್ಪಷ್ಟವಾಗಿದೆ, ಮುಖದ್ದು ಪೂರಾ ಕಪ್ಪು.

ಕ್ಯಾಮೆರಾ ತಿರುಗಿಸಿ ಪರೀಕ್ಷಿಸಿದೆ. ಸೆಟ್ಟಿಂಗ್ ಒಂದೂ ಬದಲಾಗಿರಲಿಲ್ಲ. ಹೋಟೆಲಿಗೆ ಬಂದು ಲ್ಯಾಪ್‌ಟಾಪಿನಲ್ಲಿ ಬೆಳಕು ಹೆಚ್ಚಿಸಿದೆ. ಕತ್ತಲೆಯ ಮೂಲೆಯಲ್ಲಿ ಬಾಗಿದ ಕೆಂಪು ಗೀರು. ಹೆದರಿದೆ, ಸುಳ್ಳು ಹೇಳುವುದಿಲ್ಲ. ನನ್ನದೇ ಕೈ ಅಡ್ಡ ಬಂದಿರಬೇಕೆಂದು ಹತ್ತಾರು ಸಲ ಲೆನ್ಸ್ ಮುಚ್ಚಿ ತೆಗೆದು ನೋಡಿದೆ. ಆ ಗೀರು ಬರಲಿಲ್ಲ. ನನ್ನ ಬೆರಳುಗಳು ನೆಟ್ಟಗಿವೆ.

ಊರಿಗೆ ಬಂದು ಮಂಜಣ್ಣನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಎಡಗೈ ಎತ್ತಿ ಲ್ಯಾಪ್‌ಟಾಪಿನ ತೆರೆಯ ಪಕ್ಕ ಹಿಡಿದರು.

"ಇದ್ ನನ್ ಕೈಯೇ. ಆದ್ರೆ ನಾ ಅಂಗ್ಡಿ ಬಿಟ್ಟ್ ಎಲ್ಲೂ ಹೋಯ್ಲಿಲ್ಲ ಮಾರಾಯ," ಎಂದರು. ನನಗಿಂತ ಅವರೇ ಹೆಚ್ಚು ಹೆದರಿದ್ದರು. ಆಮೇಲೆ ಮೆಲ್ಲಗೆ ಕೇಳಿದರು, "ಇನ್ನಾದ್ರೂ ಮೊದಲ್ದ್ ಬಿಡ್ತ್ಯಾ?"

"ಇಲ್ಲ ಮಂಜಣ್ಣ," ಎಂದೆ.

ಮುಖಪುಟಕ್ಕೆ ಬೆನ್ನಿನ ಫೋಟೋವೇ ಹೋಯಿತು. ಹೊಗಳಿದವರೂ ಇದ್ದಾರೆ, ಆದರೆ ಬಿಸಿಲು ಬಿದ್ದ ಆ ಮುಖವನ್ನು ಕಂಡವನು ನಾನೊಬ್ಬನೇ. ಇವತ್ತಿಗೂ ಹೊಸ ಕಾರ್ಡ್ ಹಾಕಿದಾಗ ನಾನು ಲೆನ್ಸ್ ಮುಚ್ಚುವುದಿಲ್ಲ. ಮತ್ತೆಂದೂ ಹಾಗಾಗಿಲ್ಲ. ಆ ಕಪ್ಪು ಫೋಟೋವನ್ನು ಅಳಿಸಿಬಿಡಿ ಎಂದು ಹೆಂಡತಿ ಹೇಳುತ್ತಲೇ ಇದ್ದಾಳೆ. ಅಳಿಸುವುದಿಲ್ಲ. ಅಡ್ಡ ಬಂದ ಕೈ ಅಲ್ಲಿಗೆ ಹೇಗೆ ಬಂತೋ ನನಗೆ ಗೊತ್ತಿಲ್ಲ. ಒತ್ತಿದ ಬೆರಳು ಮಾತ್ರ ನನ್ನದು.