ಮರ ಕೊಟ್ಟ ಕೈ

ದೆವ್ವ, ಪವಾಡ, ಮೈಮೇಲೆ ಬರುವುದು, ಇಂಥವನ್ನೆಲ್ಲ ನಾನು ನಂಬಿದವನಲ್ಲ. ನಂಬುವವರನ್ನು ಕಂಡರೆ ಎದುರಿಗೇ ಗೇಲಿ ಮಾಡುತ್ತಿದ್ದೆ. ನನ್ನ ಕಸುಬೇ ಅಂಥದ್ದು. ಇಪ್ಪತ್ತೈದು ವರ್ಷದಿಂದ ಮೈಸೂರಿನಲ್ಲಿ ಆರ್‌ಟಿಒ ಏಜೆಂಟ್ ಆಗಿದ್ದೇನೆ. ಲೈಸೆನ್ಸು, ಗಾಡಿ ಓಡಲು ಯೋಗ್ಯವೆನ್ನುವ ಎಫ್‌ಸಿ, ಟ್ಯಾಕ್ಸು, ಹೆಸರು ಬದಲಾವಣೆ. ಕಾಗದದಲ್ಲಿ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ; ಇಷ್ಟೇ ನನ್ನ ವೇದಾಂತ. ಅಂಥ ನಾನು ಈಗ ಬರೆಯಹೊರಟಿರುವುದು ಯಾವ ಕಾಗದದಲ್ಲೂ ಇಲ್ಲದ ಸಂಗತಿ. ನಡೆದದ್ದು ನಡುರಾತ್ರಿಯಲ್ಲೂ ಅಲ್ಲ, ಸ್ಮಶಾನದ ಪಕ್ಕದಲ್ಲೂ ಅಲ್ಲ. ಹಾಡಹಗಲು ಹತ್ತೂವರೆ ಗಂಟೆಗೆ, ರಿಂಗ್ ರೋಡಿನಲ್ಲಿ. ಓದಿ ನೀವು ನಗಬಹುದು. ನಗುವುದಕ್ಕಿಂತ ಹೆಚ್ಚಾಗಿ ನನ್ನನ್ನು ಬೈಯುತ್ತೀರಿ ಅಂತ ನನ್ನ ಅಂದಾಜು. ಬೈಯಿರಿ, ತಪ್ಪಿಲ್ಲ.

ಸಿದ್ಧಾರ್ಥನಗರದಲ್ಲಿ ನಮ್ಮ ಎದುರು ಮನೆ ತೆರೇಸಕ್ಕನದು. ಗಂಡ ಅಂತೋಣಿಯಣ್ಣ ಸ್ವಂತ ಟ್ರೈಲರ್ ಲಾರಿ ಇಟ್ಟುಕೊಂಡು ತಾನೇ ಓಡಿಸುತ್ತಿದ್ದವನು. ಟ್ರೈಲರ್ ಅಂದರೆ ಗೊತ್ತಲ್ಲ, ಹಿಂದೆ ಮಾತ್ರ ಚಕ್ರ, ಮುಂದಿನ ಭಾರವೆಲ್ಲ ಎಳೆಯುವ ಲಾರಿಯ ಬೆನ್ನ ಮೇಲೆ. ಅದರ ಬ್ರೇಕು ಹಿಡಿಯುವುದೂ ಆ ಲಾರಿಯಿಂದ ಪೈಪಿನಲ್ಲಿ ಬರುವ ಗಾಳಿಯಿಂದಲೇ. ಅಂತೋಣಿಯಣ್ಣ ಬಲು ಜಾಗರೂಕ ಮನುಷ್ಯ. ದಿಬ್ಬದಲ್ಲಿ ಗಾಡಿ ನಿಂತರೆ ಕ್ಲೀನರ್ ಇಳಿದು ಚಕ್ರದ ಹಿಂದೆ ಮರದ ದಿಮ್ಮಿ ಇಡಬೇಕು. ಮರ ಕೊಡುವುದು ಅನ್ನುತ್ತಾರೆ ಅದಕ್ಕೆ. ಅವನು "ಕೊಟ್ಟೆ" ಅಂತ ಕೂಗುವವರೆಗೂ ಅಂತೋಣಿಯಣ್ಣ ಬ್ರೇಕಿನಿಂದ ಕಾಲು ತೆಗೆದವನಲ್ಲ. ಕಾಲು ಮರಗಟ್ಟಿದರೂ ತೆಗೆಯುತ್ತಿರಲಿಲ್ಲವಂತೆ. ಇದನ್ನು ತೆರೇಸಕ್ಕ ನೂರು ಸಲ ಹೇಳಿದ್ದಾರೆ, ನಾನು ನೂರು ಸಲ ಆಕಳಿಸಿದ್ದೇನೆ.

ಅಂತೋಣಿಯಣ್ಣ ತೀರಿಹೋದ ಮೇಲೆ ಲಾರಿ ಮಾರಿದರು. ಹಳೇ ಟ್ರೈಲರ್ ಯಾರಿಗೂ ಬೇಡವಾಯಿತು. ನಲವತ್ತು ಅಡಿ ಉದ್ದ, ಮುಚ್ಚಿದ ಬಾಡಿ. ಸ್ನೇಹಿತರೊಬ್ಬರ ಖಾಲಿ ಜಾಗದಲ್ಲಿ ಆರು ವರ್ಷ ಬಿಸಿಲು ಮಳೆ ತಿಂದುಕೊಂಡು ನಿಂತಿತ್ತು. ದಟ್ಟಗಳ್ಳಿಯಲ್ಲಿ ಅಕ್ಕನದೊಂದು ಸೈಟಿತ್ತು. ಟ್ರೈಲರನ್ನು ಅಲ್ಲಿಗೆ ಒಯ್ದು ಕಿಟಕಿ ಕೊಯ್ಯಿಸಿ, ಒಳಗೆ ಕ್ಯಾಂಟೀನ್ ಇಡುವುದು ಅವರ ಆಸೆ. ಆಸೆ ಅಂದರೆ ಸುಮ್ಮನೆ ಆಸೆಯಲ್ಲ, ಗಂಡನ ಬೆವರಿನಲ್ಲಿ ಉಳಿದದ್ದು ಅದೊಂದೇ. ಅಷ್ಟರಲ್ಲಿ ಆ ಜಾಗ ಕೈ ಬದಲಾಯಿತು. ಹೊಸ ಯಜಮಾನ, ದಸರಾ ಮುಗಿಯುವುದರೊಳಗೆ ತೆಗೆಯದಿದ್ದರೆ ಗ್ಯಾಸ್ ಕಟರ್‌ನಲ್ಲಿ ಕೊಯ್ದು ಗುಜರಿಗೆ ಹಾಕಿಸುತ್ತೇನೆ ಅಂದುಬಿಟ್ಟ.

ಅಕ್ಕ ನನ್ನ ಹತ್ತಿರ ಬಂದರು. "ಹೆಂಗಾದ್ರೂ ಮಾಡಿ ಸಾಗಿಸ್ಕೊಡಪ್ಪ. ಆದ್ರೆ ಪೇಪರ್ ಸರೀಗಿರ್ಬೇಕು ಕಣಪ್ಪ. ನಮ್ಮೆಜಮಾನ್ರು ಒಂದಿನಾನೂ ಕಳ್ಳಗಾಡಿ ಓಡಿಸ್ಲಿಲ್ಲ," ಅಂದರು.

"ನೀವು ಸುಮ್ನಿರಿ ಅಕ್ಕ. ಪೇಪರ್ ವಿಷ್ಯ ನನಗೆ ಹೇಳ್ಕೊಡ್ತೀರಾ? ಆಯುಧಪೂಜೆ ದಿನ ನಿಮ್ ಸೈಟಲ್ಲಿ ನಿಲ್ಲಿಸ್ತೀನಿ," ಅಂದೆ. ಬೀದಿಯವರು ನಾಲ್ಕು ಜನ ಕೇಳಿಸಿಕೊಳ್ಳುವ ಹಾಗೆಯೇ ಅಂದೆ.

ಆಫೀಸಿನಲ್ಲಿ ವಿಚಾರಿಸಿದಾಗ ಉತ್ತರ ನೆಟ್ಟಗಿತ್ತು. ಟ್ರೈಲರಿಗೆ ಎಫ್‌ಸಿ ಇಲ್ಲ, ಟ್ಯಾಕ್ಸ್ ಇಲ್ಲ, ಅದು ಸ್ವಂತ ಚಕ್ರದ ಮೇಲೆ ರಸ್ತೆಗೆ ಇಳಿಯುವ ಹಾಗಿಲ್ಲ. ಬೇಸಾಯದ ಟ್ರ್ಯಾಕ್ಟರಿಗೆ ಕಟ್ಟಿ ಎಳೆಯುವುದಂತೂ ಕೂಡದು. ಕ್ರೇನಿನಲ್ಲಿ ಎತ್ತಿ ತಗ್ಗು ಹಾಸಿನ ಇನ್ನೊಂದು ಟ್ರೈಲರ್ ಮೇಲೆ ಇಟ್ಟರೆ ಅದೊಂದು ಸಾಮಾನಾಗುತ್ತದೆ, ಯಾರೂ ಕೇಳುವುದಿಲ್ಲ. ಆದರೆ ಅಂಥ ಗಾಡಿ ಹಬ್ಬ ಕಳೆದು ಒಂದು ವಾರಕ್ಕೆ ಸಿಗುತ್ತಿತ್ತು. ಜಾಗದವನ ಮನೆಗೆ ಹೋಗಿ, ಇನ್ನೊಂದು ವಾರ ತಡೆಯಿರಿ ಸ್ವಾಮಿ ಅಂತ ಕೈಮುಗಿದಿದ್ದರೆ ಮುಗಿಯುತ್ತಿತ್ತು. ಮುಗಿಯಲಿಲ್ಲ, ಏಕೆಂದರೆ ನಾನು ಹೋಗಲಿಲ್ಲ. ಬೀದಿಯಲ್ಲಿ ಆಯುಧಪೂಜೆ ದಿನ ಅಂದುಬಿಟ್ಟಿದ್ದೆನಲ್ಲ!

ಆಗ ನನ್ನ ತಲೆಗೆ ಹೊಳೆದ ಉಪಾಯ ನೆನೆಸಿಕೊಂಡರೆ ಈಗ ಮುಖ ಮುಚ್ಚಿಕೊಳ್ಳುವಂತಾಗುತ್ತದೆ. ಆಯುಧಪೂಜೆ ದಿನ ನಮ್ಮೂರಲ್ಲಿ ಸೈಕಲ್ಲಿನಿಂದ ಕ್ರೇನಿನವರೆಗೆ ಎಲ್ಲಕ್ಕೂ ಬಾಳೆಕಂದು, ಚೆಂಡುಹೂವಿನ ಹಾರ. ಅಂಥ ಗಾಡಿಯನ್ನು ಪೊಲೀಸರು ಅಡ್ಡಹಾಕುವುದಿಲ್ಲ, ಅವರಿಗೂ ಹಬ್ಬ ತಾನೇ. ಅದೂ ಅಲ್ಲದೆ ಅರ್ಧ ಪೊಲೀಸರು ಮರುದಿನದ ಜಂಬೂಸವಾರಿಯ ಬಂದೋಬಸ್ತಿನಲ್ಲಿರುತ್ತಾರೆ. ಬೆಳಿಗ್ಗೆ ಹೋಗಿ ಟ್ರೈಲರಿನ ನಾಲ್ಕು ಮೂಲೆಗೂ ಬಾಳೆಕಂದು ಕಟ್ಟಿದೆ. ನಂಬರ್ ಪ್ಲೇಟಿನ ಮೇಲೆ ಸರಿಯಾಗಿ ಬರುವ ಹಾಗೆ ದಪ್ಪನೆಯ ಹಾರ ಇಳಿಬಿಟ್ಟೆ. ಪೂಜೆ ಮಾಡಲಿಲ್ಲ. ನಿಂಬೆಹಣ್ಣಿಲ್ಲ, ಕರ್ಪೂರವಿಲ್ಲ. ದೇವರ ವೇಷ ಹಾಕಿಸಿದೆ ಅಷ್ಟೇ.

ಎಳೆಯಲು ಮಾದೇವಣ್ಣನ ಟ್ರ್ಯಾಕ್ಟರ್. ಹಳ್ಳಿ ಕಡೆಯವನು, ನನ್ನಿಂದ ಲೈಸೆನ್ಸ್ ಮಾಡಿಸಿಕೊಂಡವನು, ಇಲ್ಲ ಅನ್ನಲಾರ. ವೆಲ್ಡಿಂಗ್ ಅಂಗಡಿಯಿಂದ ತಂದ ಎರಡು ಚಕ್ರದ ಗಾಡಿಯ ಮೇಲೆ ಟ್ರೈಲರಿನ ಮೂತಿ ಕೂರಿಸಿ, ಅದನ್ನು ಒಂದು ಕಬ್ಬಿಣದ ಪಿನ್ನಿನಿಂದ ಟ್ರ್ಯಾಕ್ಟರಿಗೆ ಸಿಕ್ಕಿಸಿದೆವು. "ಬ್ರೇಕ್ ಎಂಗೆ ಸಾ?" ಅಂದ. ಟ್ರ್ಯಾಕ್ಟರಿನಲ್ಲಿ ಟ್ರೈಲರಿಗೆ ಕೊಡಲು ಗಾಳಿಯೆಲ್ಲಿ? ಗಾಳಿ ಪೈಪು ತುಂಡಾಗಿ ಬಾಲದ ಹಾಗೆ ನೇತಾಡುತ್ತಿತ್ತು. "ದಿಬ್ಬ ಬಂದ್ರೆ ನಾನು ಮರ ಹಿಡ್ಕೊಂಡು ಪಕ್ಕದಲ್ಲೇ ನಡೀತೀನಿ, ನಡಿಯಯ್ಯ," ಅಂದೆ. ಟ್ರೈಲರಿನೊಳಗೆ ಅಂತೋಣಿಯಣ್ಣನ ಕಾಲದ ಮರದ ದಿಮ್ಮಿ ಬಿದ್ದಿತ್ತು. ಅದನ್ನೇ ಎತ್ತಿಕೊಂಡೆ.

ಹೊರಡುವ ಹೊತ್ತಿಗೆ ತೆರೇಸಕ್ಕ ಸ್ಕೂಟರಿನಲ್ಲಿ ಬಂದರು. ಹಾರ, ಬಾಳೆಕಂದು ಕಂಡು ಅವರ ಕಣ್ಣು ತುಂಬಿತು. "ಪೂಜೇನೂ ಮಾಡ್ಬುಟ್ಯಾ? ನಮ್ಮೆಜಮಾನ್ರು ಚರ್ಚಲ್ಲಿ ಫಾದರ್ ಹತ್ರ ಮಂತ್ರಿಸ್ದ ನೀರು ಹಾಕ್ಸಿದ್ರೂ ಆಯುಧಪೂಜೆ ಮಾತ್ರ ತಪ್ಪಿಸ್ತಿರ್ಲಿಲ್ಲ ಕಣಪ್ಪ," ಅಂದರು. ಆಮೇಲೆ ಪೇಪರ್ ಕೇಳಿದರು. ಹಳೆಯ ಟ್ಯಾಕ್ಸ್ ರಸೀದಿಯೊಂದರ ಜೆರಾಕ್ಸಿಗೆ ನನ್ನದೇ ಸೀಲು ಒತ್ತಿಟ್ಟುಕೊಂಡಿದ್ದೆ, ಕೊಟ್ಟೆ. ಅವರು ಓದಲೂ ಇಲ್ಲ. ಕಣ್ಣಿಗೊತ್ತಿಕೊಂಡು ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡರು.

ಒಂದು ಸರ್ಕಲ್ಲಿನಲ್ಲಿ ಪೊಲೀಸಿನವರು ಕೈ ಅಡ್ಡ ಹಿಡಿದರು. ಮುಗಿಯಿತು ಅಂದುಕೊಂಡೆ. ನೋಡಿದರೆ ಕಡಲೆಪುರಿ ಇದೆಯಾ ಅಂತ ಕೇಳಲಿಕ್ಕೆ! ವೇಷಕ್ಕಿರಲಿ ಅಂತ ತಂದಿದ್ದ ಒಂದು ಪೊಟ್ಟಣ ಕೊಟ್ಟು, ಮುಂದೆ ಹೋಗಿ ಮಾದೇವಣ್ಣನ ಬೆನ್ನು ತಟ್ಟಿ ಜೋರಾಗಿ ನಕ್ಕೆ. ನನ್ನಂಥ ಬುದ್ಧಿವಂತ ಮೈಸೂರಿನಲ್ಲಿ ಇನ್ನೊಬ್ಬನಿಲ್ಲ ಅನ್ನಿಸಿತ್ತು.

ಬೆಟ್ಟದ ಬದಿಗೆ ರಿಂಗ್ ರೋಡು ಏರುವ ಕಡೆ ಟ್ರ್ಯಾಕ್ಟರ್ ಏದುಸಿರು ಬಿಡತೊಡಗಿತು. ನಾನು ಇಳಿದು ಹಿಂದಿನ ಚಕ್ರದ ಪಕ್ಕ ಮರ ಹಿಡಿದು ನಡೆದೆ. ಹಿಂದಿನಿಂದ ಗಾಡಿಗಳು ತೀರ ಹತ್ತಿರ ಬರದಿರಲೆಂದು ತೆರೇಸಕ್ಕ ಸ್ಕೂಟರ್ ಬದಿಗೆ ನಿಲ್ಲಿಸಿ, ಕೆಂಪು ಟವೆಲ್ ಬೀಸುತ್ತ ರಸ್ತೆ ನಡುವೆ ನಿಂತರು. ಮುಖ ಕೆಳಗಡೆಗೆ, ಬೆನ್ನು ನಮ್ಮ ಕಡೆಗೆ.

ಟಣ್ ಅಂತ ಸದ್ದಾಯಿತು. ಪಿನ್ನು ಮುರಿದಿತ್ತು. ಟ್ರ್ಯಾಕ್ಟರ್ ಒಮ್ಮೆಗೇ ಮುಂದಕ್ಕೆ ಚಿಮ್ಮಿತು, ಟ್ರೈಲರ್ ಗಳಿಗೆ ನಿಂತಂತೆ ಮಾಡಿ ಹಿಂದಕ್ಕೆ ಉರುಳಿತು. ಮೊದಲು ನಿಧಾನ, ಆಮೇಲೆ ವೇಗ. ಮರ ನನ್ನ ಕೈಯಲ್ಲಿತ್ತು. ಚಕ್ರ ನನ್ನಿಂದ ಎರಡು ಹೆಜ್ಜೆಯಲ್ಲಿತ್ತು. ಬಗ್ಗಿ ಇಟ್ಟಿದ್ದರೆ ಆಗುತ್ತಿತ್ತು. ನಾನು ಏನು ಮಾಡಿದೆ ಗೊತ್ತೇ? ಮರವನ್ನು ಮಗುವಿನ ಹಾಗೆ ಎದೆಗವಚಿಕೊಂಡು ಚರಂಡಿ ಕಡೆಗೆ ಹಾರಿದೆ. ಅಕ್ಕ ಅಂತ ಕೂಗಲೂ ಇಲ್ಲ. ಕೂಗಿದ್ದು ಮೇಲಿನಿಂದ ಮಾದೇವಣ್ಣ.

ಚರಂಡಿಯಲ್ಲಿ ಬಿದ್ದುಕೊಂಡೇ ನೋಡಿದೆ. ಬಾಳೆಕಂದು ಅಲ್ಲಾಡಿಸುತ್ತ ಅಷ್ಟು ದೊಡ್ಡ ಟ್ರೈಲರ್ ಅಕ್ಕನ ಬೆನ್ನಿನ ಕಡೆಗೆ ಹೋಗುತ್ತಿತ್ತು. ಆಗ ಕಿರ್ರ್ ಎಂಬ ಶಬ್ದ. ಲಾರಿ ಬ್ರೇಕ್ ಹೊಡೆದಾಗ ಆಗುತ್ತದಲ್ಲ, ಅದೇ. ಟಯರುಗಳು ತಿರುಗುವುದನ್ನು ಬಿಟ್ಟು ರಸ್ತೆಯನ್ನು ಉಜ್ಜಿಕೊಂಡು ಹೋದವು, ಎಲ್ಲವೂ ಒಟ್ಟಿಗೆ. ಟ್ರೈಲರ್ ನಿಂತಿತು. ಅಕ್ಕನಿಗೂ ಅದಕ್ಕೂ ಒಂದು ಮೊಳ ಇತ್ತೋ ಇಲ್ಲವೋ.

ನಾನು ಎದ್ದು ಓಡಿ ಹೋಗಿ ಚಕ್ರದ ಹಿಂದೆ ಮರ ತುರುಕಿದೆ. ಮರ ಕೂತ ಮರುಕ್ಷಣ ನನ್ನ ಕಿವಿಯ ಪಕ್ಕದಲ್ಲೇ ಸುಸ್ಸ್ ಎಂದು ಗಾಳಿ ಬಿಟ್ಟಿತು. ಚಾಲಕ ಬ್ರೇಕಿನಿಂದ ಕಾಲು ತೆಗೆದಾಗ ಬರುವ ಸದ್ದು. ಟ್ರೈಲರ್ ಒಂದಂಗುಲ ಹಿಂದೆ ಸರಿದು ಮರದ ಮೇಲೆ ಭಾರ ಹಾಕಿ ಕೂತಿತು. ಏಳಲೆಂದು ಚಕ್ರದ ಒಳಗಿನ ಬ್ರೇಕ್ ಡ್ರಮ್ಮಿಗೆ ಬಲಗೈ ಊರಿದೆ. ಕಾದ ಹೆಂಚಿನಂತಿತ್ತು. ಉಂಗುರದ ಬೆರಳು ಸುಟ್ಟು ಬೊಬ್ಬೆ ಬಂತು, ಕಲೆ ಈಗಲೂ ಇದೆ.

ಸದ್ದಿಗೆ ಬೆಚ್ಚಿ ಕಣ್ಣು ಮುಚ್ಚಿ ನಿಂತಿದ್ದ ತೆರೇಸಕ್ಕ ಕಣ್ಣು ಬಿಟ್ಟು ತಿರುಗಿ ನೋಡಿದಾಗ ಕಂಡದ್ದು ಏನು? ಮುಖದ ಮುಂದೆ ಟ್ರೈಲರ್, ಚಕ್ರದ ಹಿಂದೆ ಮರ, ಮರದ ಪಕ್ಕ ಕೆಸರು ಮೆತ್ತಿಕೊಂಡು ಕೈ ಸುಟ್ಟುಕೊಂಡ ನಾನು. "ಯೇಸುವೇ!" ಅಂದವರೇ ನನ್ನ ಎರಡೂ ಕೈ ಹಿಡಿದುಕೊಂಡು ಗೊಳೋ ಎಂದು ಅತ್ತುಬಿಟ್ಟರು. ಟ್ರೈಲರಿನ ಆಚೆ ಬದಿಯಿಂದ ಓಡಿ ಬಂದ ಮಾದೇವಣ್ಣ, "ಸರ್ಯಾದ್ ಟೈಮ್ಗೆ ಮರ ಕೊಟ್ರಿ ಸಾ. ಇಲ್ದಿದ್ರೆ ಅಕ್ಕ ಓಗ್ಬುಡೋರು," ಅಂದ. ಇಬ್ಬರೂ ನನ್ನ ಮುಖ ನೋಡುತ್ತಿದ್ದರು. ಇಲ್ಲ, ನಾನು ಓಡಿಹೋದೆ ಅನ್ನಲು ಎಷ್ಟು ಹೊತ್ತು ಬೇಕು? ನಾನು "ಹ್ಞೂಂ" ಅಂದೆ.

ಬೇರೆ ಪಿನ್ನು ಸಿಕ್ಕಿಸಿ ಟ್ರೈಲರನ್ನು ಬದಿಗೆ ಸರಿಸಿ, ಮರ ಕೊಟ್ಟು ನಿಲ್ಲಿಸಿದೆವು. ಹಬ್ಬ ಕಳೆದ ಮೇಲೆ ಕ್ರೇನು ಬಂತು; ಟ್ರೈಲರ್ ತಗ್ಗಿನ ಗಾಡಿಯ ಮೇಲೆ ಏರಿ, ಕಾನೂನು ಪ್ರಕಾರವೇ ದಟ್ಟಗಳ್ಳಿ ಸೇರಿತು. ಅಲ್ಲಿಗೆ ಒಬ್ಬ ಮೆಕ್ಯಾನಿಕ್ಕನ್ನು ಕರೆಸಿ, ಯಾಕೆಂದು ಹೇಳದೆ, ಬ್ರೇಕು ಬಿಚ್ಚಿಸಿ ನೋಡಿದೆ. ಅವನು ನಕ್ಕುಬಿಟ್ಟ. ಗಾಳಿ ಟ್ಯಾಂಕಿನಲ್ಲಿ ಬೆರಳು ತೂರುವಷ್ಟು ತೂತು. ಡ್ರಮ್ಮನ್ನು ಒತ್ತಿ ಹಿಡಿಯಬೇಕಾದ ಬ್ರೇಕಿನ ಲೈನಿಂಗು ಉದುರಿ ಎಷ್ಟೋ ಕಾಲವಾಗಿತ್ತು. "ಇದ್ರಲ್ಲಿ ಬ್ರೇಕ್ ಎಲ್ಲಿದೆ ಸಾರ್, ಹಿಡಿಯಕ್ಕೆ?" ಅಂದ.

ತುಕ್ಕು ಹಿಡಿದು ಚಕ್ರ ಕಚ್ಚಿಕೊಂಡಿರಬಹುದು ಅಂತ ನನಗೆ ನಾನೇ ಹೇಳಿಕೊಂಡು ನೋಡಿದೆ. ಆದರೆ ಎಂಟೂ ಟಯರು ಒಂದೇ ಸಲಕ್ಕೆ ಕಚ್ಚುತ್ತವೆಯೇ? ಕಚ್ಚಿದ್ದು, ಮರ ಕೊಟ್ಟೊಡನೆ ತಾನೇ ಬಿಡುತ್ತದೆಯೇ? ಕಲ್ಲು ಅಡ್ಡ ಬಂದಿತ್ತೇ ಅಂತ ಮರುದಿನ ಊರಿಗೆ ಊರೇ ಜಂಬೂಸವಾರಿ ನೋಡುತ್ತಿದ್ದಾಗ ನಾನು ಆ ದಿಬ್ಬಕ್ಕೆ ಹೋಗಿ ಹುಡುಕಿದೆ. ಕಲ್ಲಿರಲಿಲ್ಲ. ರಸ್ತೆಯ ಮೇಲೆ ಟಯರು ಉಜ್ಜಿದ ಕರಿ ಗೀಟುಗಳಿದ್ದವು. ಎಷ್ಟು ಯೋಚಿಸಿದರೂ ನನಗೆ ಇದು ಬಗೆಹರಿದಿಲ್ಲ. ಬಲ್ಲವರಿದ್ದರೆ ಹೇಳಿ.

ಇನ್ನೂ ಬಗೆಹರಿಯದ್ದು ಬೇರೆಯೇ ಇದೆ. ಅಕ್ಕನ ಕ್ಯಾಂಟೀನ್ ಈಗ ಚೆನ್ನಾಗಿ ನಡೆಯುತ್ತಿದೆ. ಚಕ್ರ ತೆಗೆಸಿಲ್ಲ, ಹಾಗೇ ಬಿಟ್ಟಿದ್ದಾರೆ. ನಿಜ ಹೇಳಿಬಿಡಬೇಕೆಂದು ಎಷ್ಟೋ ಸಲ ಹೋಗಿದ್ದೇನೆ. ಹೋದ ಕೂಡಲೇ ಅವರು ತಿಂಡಿ ತಿನ್ನುತ್ತಿರುವವರಿಗೆಲ್ಲ ಕೇಳಿಸುವಂತೆ, "ನನ್ ಪ್ರಾಣ ಉಳಿಸ್ದೋರು ಇವ್ರೇ ಕಣ್ರೀ," ಅನ್ನುತ್ತಾರೆ. ಇಡ್ಲಿ ತಿಂದು ಎದ್ದು ಬರುತ್ತೇನೆ. ಚರ್ಚಿನಲ್ಲಿ ನನ್ನ ಹೆಸರಿನಲ್ಲಿ ಪೂಜೆ ಕೊಡಿಸುತ್ತಾರಂತೆ. ನಾಚಿಕೆ ಅನ್ನುವುದು ನನಗೆ ಒಂದು ಕಾಯಿಲೆಯ ಹಾಗೆ ಒಳಗೇ ಕೂತಿದೆ.

ಪ್ರತಿ ಆಯುಧಪೂಜೆಗೂ ಅವರು ಆ ಮರದ ದಿಮ್ಮಿಯನ್ನು ತೊಳೆದು, ಅರಿಶಿನ ಹಚ್ಚಿ, ಸ್ಟೂಲಿನ ಮೇಲಿಟ್ಟು ಹೂ ಮುಡಿಸಿ ನನ್ನನ್ನು ಕರೆಯುತ್ತಾರೆ. "ಕುಂಕುಮ ನೀನೇ ಇಡಪ್ಪ. ಮರ ಕೊಟ್ಟ ಕೈ ಅದು," ಅನ್ನುತ್ತಾರೆ. ಸುಟ್ಟ ಬೆರಳಿನಲ್ಲಿ ಕುಂಕುಮ ತೆಗೆದು ಪ್ರತಿ ವರ್ಷವೂ ಇಟ್ಟಿದ್ದೇನೆ. ಈ ಸಲ ಯಾಕೋ ಕೈ ಮರದ ಕಡೆಗೆ ಹೋಗಲಿಲ್ಲ. ಬಗ್ಗಿ, ಚಕ್ರದೊಳಗೆ ಕೈ ತೂರಿಸಿ, ಮೊದಲು ಬ್ರೇಕ್ ಡ್ರಮ್ಮಿಗೆ ಇಟ್ಟೆ.

ಅಕ್ಕ ಬಗ್ಗಿ ಆ ಕುಂಕುಮ ನೋಡಿದರು. ಆಮೇಲೆ ಮೆಲ್ಲಗೆ, "ನಮ್ಮೆಜಮಾನ್ರೂ ಮೊದ್ಲು ಅಲ್ಲಿಗೇ ಇಡ್ತಿದ್ರು. ನಿಂಗೆ ಹೇಳಿದ್ನಾ ನಾನು?" ಅಂದರು.

ಹೇಳಿರಲಿಲ್ಲ. ಸುತ್ತ ಯಾರೂ ಇರಲಿಲ್ಲ, ಅವರು ನನ್ನನ್ನೇ ನೋಡುತ್ತಿದ್ದರು, ಇದಕ್ಕಿಂತ ಒಳ್ಳೆಯ ಗಳಿಗೆ ನನಗೆ ಇನ್ನು ಸಿಗಲಾರದು. ಆಗಲೂ ನಾನು ಬಾಯಿ ಬಿಡಲಿಲ್ಲ. ಮರಕ್ಕೂ ಕುಂಕುಮ ಇಟ್ಟು, ಅವರು ಕೊಟ್ಟ ಕಡಲೆಪುರಿ ಇಸಿದುಕೊಂಡು ಮನೆಗೆ ಬಂದೆ.